ಮೂರು ಹೂಕುಂಡ, ಒಂದು ಪಂಪು: ದೊಡ್ಡ ಅಕ್ವೇರಿಯಂಗೆ ಮನೆಯಲ್ಲೇ ಮಾಡಿದ ಫಿಲ್ಟರ್

ರಾತ್ರಿ ಎರಡರ ಸುಮಾರಿಗೆ ಮನೆಯಾಕೆ ಎಬ್ಬಿಸಿದಳು. "ಏಳ್ರೀ, ನೀರ ಬಂದಾವ. ಸಂಪಿನ ವಾಲ್ ತೆಗೀರಿ."

ಹುಬ್ಬಳ್ಳಿಯಲ್ಲಿ ನಡುರಾತ್ರಿ ನೀರಿನ ಸಪ್ಪಳ ಕೇಳಿದರೆ ಯಾರಿಗೂ ಬೇರೆ ಅರ್ಥ ಹೊಳೆಯುವುದಿಲ್ಲ. ನಾನೂ ಕಣ್ಣುಜ್ಜಿಕೊಂಡು ಎದ್ದು ಹಾಲ್‌ಗೆ ಬಂದರೆ ಕಾಲಿಟ್ಟಲ್ಲೆಲ್ಲ ಪಚಪಚ. ನೀರು ಬಂದದ್ದು ಮಲಪ್ರಭೆಯಿಂದಲ್ಲ, ನಮ್ಮ ಅಕ್ವೇರಿಯಂನಿಂದ. ಮೇಲಿನ ಫಿಲ್ಟರ್ ಡಬ್ಬಿಯಿಂದ ನೀರು ಇಳಿಯುವ ಅರ್ಧ ಇಂಚಿನ ಕೊಳವೆಯ ಬಾಯಿಗೆ ಗೋಲಿಯಷ್ಟು ದಪ್ಪದ ಬಸವನಹುಳು ಬೂಚು ಹಾಕಿದ ಹಾಗೆ ಕೂತಿತ್ತು. ಪಂಪು ಮಾತ್ರ ತನ್ನ ಪಾಡಿಗೆ ನೀರು ಎತ್ತುತ್ತಲೇ ಇತ್ತು. ತೊಟ್ಟಿಯಲ್ಲಿ ಎರಡು ಇಂಚು ನೀರು ಇಳಿದಿತ್ತು. ನಾಲ್ಕಡಿ ಉದ್ದ, ಎರಡಡಿ ಅಗಲದ ತೊಟ್ಟಿಯಲ್ಲಿ ಒಂದು ಇಂಚು ಅಂದರೆ ಸುಮಾರು 19 ಲೀಟರ್. ಅಂದರೆ ಎರಡು ಬಿಂದಿಗೆಗಿಂತ ಹೆಚ್ಚು ನೀರು ನೆಲದ ಮೇಲೆ.

ಆ ಡಬ್ಬಿ ಬಿಚ್ಚಿ ಎಸೆದು ಹೊಸದು ಕಟ್ಟಿದೆ. ಈ ಬರಹ ಆ ಹೊಸದರ ಬಗ್ಗೆ. ಎಲ್ಲಾ ಸರಿಯಿದ್ದಾಗ ಎಂಥ ಫಿಲ್ಟರ್ ಆದರೂ ನಡೆಯುತ್ತದೆ. ಕೊಳವೆ ಕಟ್ಟಿಕೊಂಡಾಗ, ಕರೆಂಟ್ ಹೋದಾಗ, ನಾಲ್ಕು ದಿನ ನಳದಲ್ಲಿ ನೀರೇ ಬಾರದಿದ್ದಾಗ ಅದು ಏನು ಮಾಡುತ್ತದೆ ಎನ್ನುವುದನ್ನು ಮೊದಲು ಯೋಚಿಸಿ, ಆಮೇಲೆ ಪೈಪಿಗೆ ಗರಗಸ ಹಚ್ಚಬೇಕು.

ಯಾಕೆ ಮೇಲಿನ ಫಿಲ್ಟರ್, ಯಾಕೆ ಸಂಪ್ ಅಲ್ಲ

ನನ್ನ ತೊಟ್ಟಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಲೆಕ್ಕಕ್ಕೆ 453 ಲೀಟರ್. ಮೇಲೆ ಬಿಟ್ಟ ಜಾಗ, ಕೆಳಗಿನ ಹರಳು ಕಳೆದರೆ ನಿಜವಾದ ನೀರು 400 ಲೀಟರ್ ಆಸುಪಾಸು. ಒಳಗೆ ಎರಡು ಆಸ್ಕರ್ ಮೀನು, ಒಂದಷ್ಟು ಗೋಲ್ಡ್‌ಫಿಶ್ ಇದ್ದವು (ಆಸ್ಕರ್ ಬೆಳೆದ ಮೇಲೆ ಗೋಲ್ಡ್‌ಫಿಶ್ ಏನಾದವು ಅಂತ ಕೇಳಬೇಡಿ, ಆ ಜೋಡಿ ಇಡಲೇಬಾರದಿತ್ತು). ಎರಡೂ ಜಾತಿ ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಇಷ್ಟು ದೊಡ್ಡ ತೊಟ್ಟಿಗೆ ಅಂಗಡಿಯ ಒಳ್ಳೆಯ ಕ್ಯಾನಿಸ್ಟರ್ ಫಿಲ್ಟರ್ (ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೆ ನೀರು ಸೋಸುವಂಥದ್ದು) ತರಲು ಹೋದರೆ ಮೀನಿಗಿಂತ, ತೊಟ್ಟಿಗಿಂತ ಅದರದ್ದೇ ಬೆಲೆ.

ಬಕೆಟ್ಟಿನಲ್ಲಿ ಮನೆಯಲ್ಲೇ ಕ್ಯಾನಿಸ್ಟರ್ ಮಾಡಬಹುದು ಎನ್ನುವವರಿದ್ದಾರೆ. ಮುಚ್ಚಳದ ರಬ್ಬರ್ ಒಂದು ದಿನ ಕೈಕೊಟ್ಟೇ ಕೊಡುತ್ತದೆ. ನಾನು ಆ ಗೋಜಿಗೆ ಹೋಗುವುದಿಲ್ಲ. ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಡುವ ಸಂಪ್ ಪದ್ಧತಿ ಒಳ್ಳೆಯದೇ, ಆದರೆ ಕರೆಂಟ್ ಹೋದಾಗ ಮೇಲಿನ ನೀರು ಕೆಳಗಿಳಿಯುತ್ತದೆ. ಕೆಳಗೆ ಅದಕ್ಕೆ ಜಾಗ ಬಿಟ್ಟಿರಬೇಕು. ಕರೆಂಟ್ ಬಂದಾಗ ಮೇಲಿನಿಂದ ಇಳಿಯುವ ಪ್ರವಾಹ ತಾನಾಗಿ ಮತ್ತೆ ಶುರುವಾಗಬೇಕು. ಗಾಜಿಗೆ ತೂತು ಕೊರೆಸದೆ ಬರೀ ಸೈಫನ್ ಕೊಳವೆ (ಅಂಚಿನ ಮೇಲಿಂದ ಬಗ್ಗಿಸಿ ನೀರು ಕೆಳಗೆ ಎಳೆಯುವ ಕೊಳವೆ) ನಂಬಿದರೆ ಇವೆರಡರಲ್ಲಿ ಒಂದು ತಪ್ಪುತ್ತದೆ.

ತೊಟ್ಟಿಯ ಮೇಲೆ ಇಡುವ, ನೀರು ಹನಿಹನಿಯಾಗಿ ಸೋಸಿ ಇಳಿಯುವ ಫಿಲ್ಟರ್‌ಗೆ ಈ ತಾಪತ್ರಯವಿಲ್ಲ. ಕರೆಂಟ್ ಹೋಯಿತೋ, ಮೇಲಿನ ನೀರು ತೊಟ್ಟಿಗೇ ಇಳಿದು ನಿಂತುಬಿಡುತ್ತದೆ. ಇನ್ನೂ ದೊಡ್ಡ ಲಾಭ ಕಣ್ಣಿಗೆ ಕಾಣದ್ದು. ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನೆರಡು ಮೀನಿಗೆ ವಿಷ. ಮೂರನೆಯದು ಮಿತಿಯಲ್ಲಿದ್ದರೆ ತೊಂದರೆಯಿಲ್ಲ, ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು. ಮುಚ್ಚಿದ ಕ್ಯಾನಿಸ್ಟರ್‌ನಲ್ಲಿ ಪಂಪು ನಿಂತು ಕೆಲವು ತಾಸು ಕಳೆದರೆ ಒಳಗಿನ ಆಮ್ಲಜನಕ ಮುಗಿದು ಅವು ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರೇ ಮೀನಿಗೆ ಬೀಳುತ್ತದೆ. ಹನಿ ಫಿಲ್ಟರ್‌ನಲ್ಲಿ ಅವು ಗಾಳಿಯಲ್ಲೇ ಇರುತ್ತವೆ. ಒದ್ದೆ ಆರದಿದ್ದರೆ ಸಾಕು.

ತರಬೇಕಾದದ್ದು, ನನಗೆ ಬಿದ್ದ ಖರ್ಚು

ಕಾಂಪೌಂಡ್ ಗೋಡೆಯ ಮೇಲೆ ಇಡುತ್ತಾರಲ್ಲ, ಉದ್ದನೆಯ ಪ್ಲಾಸ್ಟಿಕ್ ಹೂಕುಂಡ, ಅಂಥವು ಮೂರು. 2 ಅಡಿ ಉದ್ದ, 7 ಇಂಚು ಅಗಲ, 6 ಇಂಚು ಆಳ. ಒಂದಕ್ಕೆ 160ರಂತೆ 480 ರೂಪಾಯಿ. ನೀರಿನೊಳಗೆ ಇಡುವ ಪಂಪು 1,150. ಪೈಪು, ಎಲ್ಬೋ, ಟ್ಯಾಂಕ್ ನಿಪ್ಪಲ್ (ತೂತಿಗೆ ಬಿಗಿದು ಪೈಪು ಜೋಡಿಸುವ ತುಂಡು) ಎಲ್ಲಾ ಸೇರಿ 520. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ 30, ಹತ್ತರಂತೆ 300. ಫೋಮ್ ಮತ್ತು ದಿಂಬಿಗೆ ತುಂಬುವ ಫೈಬರ್ 200. ಕುಂಡ ಕೂರಿಸಲು ಚೌಕ ಪೈಪಿನ ಚೌಕಟ್ಟು ವೆಲ್ಡಿಂಗ್ ಮಾಡಿಸಿದ್ದು 700. ಒಟ್ಟು 3,350. ಹಂಚಿನ ಚೂರು ಪುಕ್ಕಟೆ: ಓಣಿಯಲ್ಲಿ ಹಳೇ ಮನೆ ಕೆಡವುತ್ತಿದ್ದರು, ಒಂದು ಚೀಲ ಕೇಳಿ ತಂದೆ.

ಪಂಪಿನ ಡಬ್ಬಿಯ ಮೇಲೆ ಬರೆದ ಲೀಟರ್ ಲೆಕ್ಕ ನಂಬಿ ಮೋಸಹೋಗಬೇಡಿ. ಅದು ನೀರು ಸ್ವಲ್ಪವೂ ಮೇಲೇರದಿದ್ದಾಗಿನ ಲೆಕ್ಕ. ಪಕ್ಕದಲ್ಲಿ ಗರಿಷ್ಠ ಎತ್ತರ ಅಂತ ಇನ್ನೊಂದು ಅಂಕಿ ಇರುತ್ತದೆ; ಆ ಎತ್ತರಕ್ಕೆ ನೀರು ಮುಟ್ಟಿ ನಿಲ್ಲುತ್ತದೆ, ಹರಿಯುವುದಿಲ್ಲ. ನಮ್ಮ ಫಿಲ್ಟರ್‌ನಲ್ಲಿ ನೀರು ಎರಡಡಿ ಮೇಲೇರಬೇಕು. ಗಂಟೆಗೆ 2,500 ಲೀಟರ್, ಎರಡೂವರೆ ಮೀಟರ್ ಎತ್ತರ ಅಂತ ಬರೆದಿರುವ ಪಂಪು ತಂದರೆ 1,500ರ ಮೇಲೆ ಸಿಗುತ್ತದೆ. 400 ಲೀಟರಿನ ತೊಟ್ಟಿಗೆ ಗಂಟೆಗೆ ಮೂರು ನಾಲ್ಕು ಸಲ ನೀರು ತಿರುಗಿದ ಹಾಗಾಯಿತು; ಈ ಬಗೆಯ ಫಿಲ್ಟರ್‌ಗೆ ಅಷ್ಟು ಸಾಕು. ಅಳೆಯುವುದು ಸುಲಭ: 10 ಲೀಟರಿನ ಬಕೆಟ್ ತುಂಬಲು ಹಿಡಿಯುವ ಸೆಕೆಂಡುಗಳಿಂದ 36,000ವನ್ನು ಭಾಗಿಸಿ. 24 ಸೆಕೆಂಡ್ ಹಿಡಿದರೆ ಗಂಟೆಗೆ 1,500 ಲೀಟರ್.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 40 ವ್ಯಾಟಿನ ಪಂಪು ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 29 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಉಚಿತ ಮಿತಿ ಹಳೆಯ ಸರಾಸರಿ ಬಳಕೆಯ ಮೇಲೆ ನಿಂತಿರುತ್ತದೆ; ಮಿತಿಯ ಅಂಚಿನಲ್ಲಿರುವ ಮನೆಗೆ ಈ 29 ಯೂನಿಟ್ ಬಿಲ್ ಬರುವಂತೆ ಮಾಡಬಹುದು. ಅಂದಹಾಗೆ ಅಗತ್ಯಕ್ಕಿಂತ ದೊಡ್ಡ ಪಂಪು ತರುವುದಕ್ಕೆ ಇದೂ ಒಂದು ಅಡ್ಡಿ.

ಕುಂಡಗಳಿಗೆ ತೂತು

ಕೆಳಗಿನ ಕುಂಡದಿಂದ ಶುರು ಮಾಡಿ, ಅದೇ ಮುಖ್ಯ. ಅದರ ತಳದಲ್ಲಿ ಒಂದೂಕಾಲು ಇಂಚಿನ ಟ್ಯಾಂಕ್ ನಿಪ್ಪಲ್ ಮೂರು ಕೂರಬೇಕು. ಗೋಲ ಗರಗಸದ ಬಿಟ್ ನಿಮ್ಮಲ್ಲಿ ಇಲ್ಲದಿದ್ದರೆ ಪ್ಲಂಬರ್ ಹತ್ತಿರ ಒಯ್ಯಿರಿ, ಹತ್ತು ನಿಮಿಷದ ಕೆಲಸ. ನಾನು ಒಯ್ದಾಗ ಆತ ಕುಂಡವನ್ನು ತಿರುಗಿಸಿ ಮುರುಗಿಸಿ ನೋಡಿ, "ಸರ್, ಗಿಡಕ್ಕ ನೀರ ಹೆಚ್ಚಾದ್ರ ಒಂದ್ ತೂತ ಸಾಕಲ್ರೀ, ಮೂರ್ಯಾಕ?" ಅಂದ. ಮೀನಿಗೆ ಅಂದೆ. ಮತ್ತೇನೂ ಕೇಳಲಿಲ್ಲ.

ಮೂರು ಯಾಕೆಂದರೆ: ಎರಡು ದಿನನಿತ್ಯದ ದಾರಿ, ಮೂರನೆಯದು ಆಪತ್ತಿನ ದಾರಿ. ಮೂರನೆಯ ನಿಪ್ಪಲ್‌ನ ಒಳಬಾಯಿಗೆ 3 ಇಂಚು ಎತ್ತರದ ಪೈಪ್ ತುಂಡು ನಿಲ್ಲಿಸಿ. ಎಂದಿನ ದಿನ ಅದರೊಳಗೆ ಹನಿಯೂ ಹೋಗುವುದಿಲ್ಲ. ಮೊದಲಿನೆರಡು ಕಟ್ಟಿಕೊಂಡರೆ ಕುಂಡದಲ್ಲಿ ನೀರು 3 ಇಂಚು ಏರಿ, ಅಂಚು ದಾಟುವ ಮೊದಲೇ ಈ ಪೈಪಿನಿಂದ ತೊಟ್ಟಿಗೆ ಇಳಿಯುತ್ತದೆ. ಆ ಪೈಪಿನ ಹೊರತುದಿಯನ್ನು ಉಳಿದವುಗಳಿಗಿಂತ ಗಿಡ್ಡ ಇಟ್ಟು, ನೀರು ಮೇಲಿನಿಂದ ಧೊಪ್ಪನೆ ಬೀಳುವಂತೆ ಮಾಡಿ. ಆ ಸದ್ದೇ ನಿಮಗೆ ಎಚ್ಚರಿಕೆಯ ಗಂಟೆ. ದಿನನಿತ್ಯದ ಎರಡು ಪೈಪುಗಳು ಮಾತ್ರ ತೊಟ್ಟಿಯ ನೀರಿನೊಳಗೆ ಅರ್ಧ ಇಂಚು ಮುಳುಗಿರಲಿ. ಇಲ್ಲವಾದರೆ ಹಗಲಿಡೀ ಜೋಗದ ಸಪ್ಪಳ.

ಎರಡು ನಿಪ್ಪಲ್‌ನ ಬಾಯಿಗೂ ಬಸವನಹುಳು ತಡೆಯುವ ಟೋಪಿ ಬೇಕು. ಪಿವಿಸಿ ಪೈಪಿನ ಎರಡು ಇಂಚಿನ ತುಂಡಿಗೆ ಒಂದು ಕಡೆ ಕ್ಯಾಪ್ ಹಾಕಿ, ಸುತ್ತಲೂ ಆಕ್ಸಾ ಬ್ಲೇಡಿನಿಂದ ಹತ್ತು ಹನ್ನೆರಡು ಸೀಳು ಕೊಟ್ಟರೆ ಆಯಿತು. ಒಂದು ಹುಳು ಒಂದು ಸೀಳು ಮುಚ್ಚಬಹುದು, ಹನ್ನೆರಡನ್ನೂ ಮುಚ್ಚಲಾರದು.

ಇಲ್ಲೊಂದು ತಪ್ಪು ಬಹಳ ಜನ ಮಾಡುತ್ತಾರೆ: ನಿಪ್ಪಲ್ ಸೋರಿದರೆ ಸುತ್ತ ಸಿಲಿಕಾನ್ ಬಳಿಯುವುದು. ಈ ಕುಂಡಗಳ ಪ್ಲಾಸ್ಟಿಕ್‌ಗೆ ಸಿಲಿಕಾನ್ ಗಟ್ಟಿಯಾಗಿ ಅಂಟುವುದಿಲ್ಲ. ವಾರ ಬಿಟ್ಟು ಉಗುರಿನಿಂದ ಎಳೆದರೆ ಸಿಪ್ಪೆ ಸುಲಿದಂತೆ ಬರುತ್ತದೆ. ಪೈಪಿನ ಸಾಲ್ವೆಂಟ್ ಕೂಡ ಪಿವಿಸಿಗೆ ಮಾತ್ರ. ಹಾಗಾಗಿ ರಬ್ಬರ್ ವಾಷರ್ ಒಳಗೊಂದು ಹೊರಗೊಂದು ಹಾಕಿ ಬಿಗಿಯುವುದೇ ದಾರಿ. ತೂತಿನ ಅಂಚಿನ ಸಿಬರು ಚಾಕುವಿನಿಂದ ಹೆರೆದು ನುಣುಪು ಮಾಡಿದರೆ ವಾಷರ್ ಸರಿಯಾಗಿ ಕೂರುತ್ತದೆ. ಸಾಲ್ವೆಂಟ್ ಹಚ್ಚಿದ ಜೋಡಣೆಗಳನ್ನು ಒಂದು ದಿನ ಬಿಟ್ಟು, ಚೆನ್ನಾಗಿ ತೊಳೆದು, ಆಮೇಲೆ ಬಳಸಿ.

ಮೇಲಿನ ಎರಡು ಕುಂಡಗಳ ತಳಕ್ಕೆ ಒಂದು ಇಂಚು ಅಂತರದಲ್ಲಿ 6 ಮಿಲಿಮೀಟರಿನ ತೂತು ತುಂಬಾ ಕೊರೆಯಿರಿ. ಸಲಾಕೆ ಕಾಯಿಸಿ ಚುಚ್ಚಬಹುದು, ಆದರೆ ಹೊಗೆ ಕೆಟ್ಟದ್ದು. ಡ್ರಿಲ್ ಸಿಕ್ಕರೆ ಅದೇ ಮೇಲು. ಪ್ರತಿಯೊಂದರಲ್ಲೂ ಒಂದು ಮೂಲೆಗೆ 4 ಇಂಚು ಎತ್ತರದ ಒಂದು ಇಂಚಿನ ಪೈಪು ನಿಲ್ಲಿಸಿ. ಮೇಲಿನ ಫೈಬರ್ ಹೊಲಸು ಕಟ್ಟಿಕೊಂಡಾಗ ನೀರು ಹೊರಗೆ ಚೆಲ್ಲದೆ ಇದರಿಂದ ಕೆಳಗಿನ ಕುಂಡಕ್ಕೆ ಹೋಗುತ್ತದೆ.

ಈ ಕುಂಡಗಳು ಮೇಲೆ ಅಗಲ, ಕೆಳಗೆ ಕಿರಿದು. ಒಂದರ ಮೇಲೊಂದು ಹಾಗೇ ಇಟ್ಟರೆ ಲೋಟ ಜೋಡಿಸಿದಂತೆ ಒಳಗಿಳಿದುಬಿಡುತ್ತವೆ. ಕೆಳಗಿನದರ ಅಂಚಿನ ಮೇಲೆ ಅರ್ಧ ಇಂಚಿನ ಪೈಪಿನ ಎರಡು ತುಂಡು ಅಡ್ಡ ಇಟ್ಟು ಅವುಗಳ ಮೇಲೆ ಮೇಲಿನದನ್ನು ಕೂರಿಸಿ. ನಡುವೆ ಉಳಿಯುವ ಸಂದಿನಿಂದ ಗಾಳಿ ಆಡುತ್ತದೆ, ನಮಗೆ ಬೇಕಾದದ್ದೂ ಅದೇ.

ನೀರು ಸಮನಾಗಿ ಬೀಳಬೇಕು

ಒಂದೇ ಕಡೆ ಧಾರೆ ಬಿದ್ದರೆ ಅಲ್ಲಿ ಮಾತ್ರ ಒದ್ದೆ, ಉಳಿದ ಮುಕ್ಕಾಲು ಫಿಲ್ಟರ್ ಒಣಗಿಯೇ ಕೂತಿರುತ್ತದೆ. ಮುಕ್ಕಾಲು ಇಂಚಿನ ಪೈಪಿನ ಎರಡಡಿ ತುಂಡಿಗೆ ಒಂದು ತುದಿ ಕ್ಯಾಪ್, ಇನ್ನೊಂದು ತುದಿ ಎಲ್ಬೋ, ಅಲ್ಲಿಂದ ಪಂಪಿನ ಪೈಪು. ತುಂಡಿನುದ್ದಕ್ಕೂ 4 ಮಿಲಿಮೀಟರಿನ ತೂತುಗಳು ಎರಡು ಸಾಲು, ಒಟ್ಟು 35ರಿಂದ 40. ಈ ಸಂಖ್ಯೆ ಸುಮ್ಮನೆ ಹೇಳಿದ್ದಲ್ಲ. ಪೈಪಿನ ಒಳಬಾಯಿ ಸುಮಾರು 20 ಮಿಲಿಮೀಟರ್, ಅಂದರೆ 314 ಚದರ ಮಿಲಿಮೀಟರ್. 4 ಮಿಲಿಮೀಟರಿನ ತೂತು ಒಂದಕ್ಕೆ ಹನ್ನೆರಡೂವರೆ. 25 ತೂತಿಗೆ ಲೆಕ್ಕ ಸರಿಹೋಗುತ್ತದೆ, ಅದಕ್ಕಿಂತ ಕಡಿಮೆಯಾದರೆ ಪಂಪಿನ ಕತ್ತು ಹಿಸುಕಿದ ಹಾಗೆ. ಕೆಲವು ತೂತು ಪಾಚಿ ಕಟ್ಟಿಕೊಂಡೇ ಕಟ್ಟಿಕೊಳ್ಳುತ್ತವೆ, ಅದಕ್ಕೇ ಹತ್ತು ಹದಿನೈದು ಹೆಚ್ಚು. ತೂತು ಕೆಳಮುಖವಾಗಿರಲಿ. ಪೈಪು ನೀರಿನಲ್ಲಿ ಮುಳುಗದೆ ಗಾಳಿಯಲ್ಲೇ ಇರುವುದರಿಂದ ಕರೆಂಟ್ ಹೋದಾಗ ನೀರು ಹಿಂದಕ್ಕೆ ಎಳೆದುಕೊಳ್ಳುವ ಭಯವಿಲ್ಲ.

ಏನು ತುಂಬಬೇಕು

ಮೇಲಿನ ಕುಂಡದಲ್ಲಿ ತಳಕ್ಕೆ ಒಂದು ಇಂಚಿನ ಫೋಮ್, ಅದರ ಮೇಲೆ ದಿಂಬಿನ ಫೈಬರ್. ಹತ್ತಿ ಬೇಡ, ಕೊಳೆಯುತ್ತದೆ. ಬಣ್ಣದ, ಪರಿಮಳದ ಫೋಮ್ ಬೇಡ. ನಡುವಿನದರಲ್ಲಿ ಸ್ಕ್ರಬ್ಬರ್‌ಗಳು, ಒತ್ತಿ ತುರುಕದೆ ಸಡಿಲಾಗಿ. ಸೋಪು ಸೇರಿಸಿದ ಸ್ಕ್ರಬ್ಬರ್ ಅಥವಾ ಸ್ಟೀಲಿನದು ತಂದೀರಿ, ಜೋಕೆ.

ಕೆಳಗಿನದಕ್ಕೆ ಹಂಚಿನ ಚೂರು. ಸುಟ್ಟ ಮಣ್ಣಿನ ಮೈತುಂಬಾ ಸಣ್ಣ ರಂಧ್ರಗಳಿರುತ್ತವೆ. ಅಂಗಡಿಯಲ್ಲಿ ಸೆರಾಮಿಕ್ ಉಂಗುರ ಅಂತ ಕಿಲೋ ಲೆಕ್ಕದಲ್ಲಿ ಮಾರುವುದೂ ಹೆಚ್ಚುಕಡಿಮೆ ಇಂಥದ್ದೇ. ಹಂಚನ್ನು ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಬಡಿದು ಅಡಿಕೆಯಿಂದ ನಿಂಬೆಹಣ್ಣಿನ ಗಾತ್ರದ ಚೂರು ಆರಿಸಿಕೊಳ್ಳಿ. ಬಣ್ಣ ಬಳಿದದ್ದು, ಸಿಮೆಂಟು ಸುಣ್ಣ ಮೆತ್ತಿದ್ದು ಬೇಡ. ಅನುಮಾನ ಬಂದ ಚೂರಿನ ಮೇಲೆ ನಿಂಬೆರಸ ಹಿಂಡಿ: ನೊರೆ ಬಂದರೆ ಸುಣ್ಣವಿದೆ, ಎಸೆಯಿರಿ. ಆಮೇಲೆ ತೊಳೆಯುವುದು. ನಾನು ಏಳು ಸಲ ತೊಳೆದೆ, ಆರನೆಯದರವರೆಗೂ ಬಕೆಟ್ ನೀರು ಚಹಾದ ಬಣ್ಣಕ್ಕೇ ಇತ್ತು. ಇಟ್ಟಿಗೆ ಚೂರು ನಡೆಯುತ್ತದಾ ಅಂದರೆ ನಡೆಯುತ್ತದೆ, ಆದರೆ ನಮ್ಮ ಕಡೆಯ ಮೆತ್ತನೆಯ ಇಟ್ಟಿಗೆ ನೀರಿನಲ್ಲಿ ಕರಗಿ ಕೆಸರಾಗುತ್ತದೆ.

ನಿಪ್ಪಲ್‌ಗಳ ಬಾಯಿ ತಳದಿಂದ ಒಂದು ಸೆಂಟಿಮೀಟರಿನಷ್ಟು ಮೇಲಿರುತ್ತದೆ, ಅಷ್ಟು ನೀರು ಕುಂಡದಲ್ಲಿ ಯಾವಾಗಲೂ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ. ಕರೆಂಟ್ ಹೋದಾಗ ಕೆಳಗಿನ ಹಂಚು ಅದರಲ್ಲೇ ಅದ್ದಿಕೊಂಡು ತಂಪಾಗಿರುತ್ತದೆ.

ಎಲ್ಲಾ ತುಂಬಿ ನೀರು ಕುಡಿದ ಮೇಲೆ ಮೂರೂ ಸೇರಿ 25 ಕಿಲೋ ಸುಲಭವಾಗಿ ತೂಗುತ್ತವೆ. ಗಾಜಿನ ಅಂಚಿನ ಮೇಲೆ ಕೂರಿಸುವ ಸಾಹಸ ಬೇಡ. ತೊಟ್ಟಿಯ ಕಬ್ಬಿಣದ ಸ್ಟ್ಯಾಂಡಿಗೇ ನಾಲ್ಕು ಕಾಲು ಎತ್ತರಿಸಿ, ತೊಟ್ಟಿಯ ಒಂದು ಬದಿಯ ಮೇಲೆ ಮುಂದಿನಿಂದ ಹಿಂದಕ್ಕೆ ಎರಡು ಪಟ್ಟಿ ಹಾಯಿಸಿದ ಚೌಕಟ್ಟು ಮಾಡಿಸಿ.

ಮೊದಲ ಓಟ, ಮೊದಲ ತಿಂಗಳು

ಮೀನಿಲ್ಲದೆ, ತುಂಬಿದ್ದೇನೂ ಇಲ್ಲದೆ, ಬರೀ ಕುಂಡಗಳಲ್ಲಿ ಒಂದು ಹಗಲು ನೀರು ಓಡಿಸಿ. ಆಮೇಲೆ ನಿಜವಾದ ಪರೀಕ್ಷೆ: ದಿನನಿತ್ಯದ ಎರಡೂ ದಾರಿಯನ್ನು ಬಟ್ಟೆ ತುರುಕಿ ಬಂದ್ ಮಾಡಿ. ಆಪತ್ತಿನ ಪೈಪೊಂದೇ ಇಡೀ ಪಂಪಿನ ನೀರನ್ನು ಹೊರಬೇಕು. ಕುಂಡದ ಅಂಚಿಗೆ ನೀರು ಮುಟ್ಟುತ್ತಿದ್ದರೆ ಪಂಪಿನ ವಾಲ್ ಸ್ವಲ್ಪ ಮುಚ್ಚಿ, ಆ ಮಟ್ಟದಲ್ಲೇ ಬಿಟ್ಟುಬಿಡಿ. ಹತ್ತು ಸಲ ಸ್ವಿಚ್ ಆರಿಸಿ ಹಾಕಿ ನೋಡಿ. ಈ ಪರೀಕ್ಷೆ ಮಾಡದೆ ಮಲಗಿದರೆ ನನ್ನ ಹಾಗೆ ನಡುರಾತ್ರಿ ನೆಲ ಒರೆಸಬೇಕಾಗುತ್ತದೆ.

ವೈರ್ ಸಾಕೆಟ್ಟಿಗೆ ಹೋಗುವ ಮೊದಲು ಸಾಕೆಟ್ಟಿಗಿಂತ ಕೆಳಗೆ ಒಂದು ಜೋಲು ಬಿಡಲಿ. ವೈರ್ ಹಿಡಿದು ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ತೊಟ್ಟಿಗೆ ಕೈಹಾಕುವ ಮೊದಲು ಪ್ಲಗ್ ಕಿತ್ತೇ ಹಾಕಿ. ಮನೆಯ ಮೇನ್ ಬೋರ್ಡಿನಲ್ಲಿ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಂದ್ ಮಾಡುವ ಸ್ವಿಚ್) ಇಲ್ಲದಿದ್ದರೆ ಅದನ್ನು ಹಾಕಿಸಿದ ಮೇಲೆಯೇ ಪಂಪು. ಇದರಲ್ಲಿ ಮಾತ್ರ ಅಗ್ಗ ನೋಡಬೇಡಿ.

ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವುದು ಇಲ್ಲಿ ಒಂದು ರೀತಿಯಲ್ಲಿ ಲಾಭವೇ: ತೆರೆದ ಡ್ರಮ್ಮಿನಲ್ಲಿ ಒಂದೆರಡು ದಿನ ನಿಂತ ನೀರಿನಿಂದ ಕ್ಲೋರಿನ್ ಹಾರಿಹೋಗಿರುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯ ಆಂಟಿ ಕ್ಲೋರಿನ್, ಅಳತೆ ಬಾಟಲಿಯ ಮೇಲಿದ್ದಂತೆ. ಗದಗ, ರೋಣದ ಕಡೆಯವರು ಸವಳು ಬೋರಿನ ನೀರೇ ಹಾಕುತ್ತಿದ್ದರೆ ಇನ್ನಷ್ಟು ಎಚ್ಚರ: ನೀರಿನ ಪಿಎಚ್ (ಕ್ಷಾರ ಎಷ್ಟಿದೆ ಎನ್ನುವ ಅಳತೆ) ಏರಿದಷ್ಟೂ ಅಷ್ಟೇ ಅಮೋನಿಯ ಹೆಚ್ಚು ವಿಷವಾಗುತ್ತದೆ. ಬಿಸಿಲುಗಾಲದ ಬೆಚ್ಚನೆಯ ನೀರಿನಲ್ಲೂ ಹಾಗೇ.

ಫಿಲ್ಟರ್ ಕಟ್ಟಿದ ದಿನವೇ ಅದು ಫಿಲ್ಟರ್ ಅಲ್ಲ, ಒದ್ದೆ ಹಂಚಷ್ಟೇ. ಬ್ಯಾಕ್ಟೀರಿಯಾ ಮೈದುಂಬಲು ನಾಲ್ಕರಿಂದ ಆರು ವಾರ ಬೇಕು. ಗೆಳೆಯರ ಓಡುತ್ತಿರುವ ತೊಟ್ಟಿಯಿಂದ ಒಂದು ಹಿಡಿ ಹಳೇ ಸ್ಪಂಜು, ಹರಳು ಸಿಕ್ಕರೆ ತನ್ನಿ. ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಆಗುತ್ತದೆ. ಅವರ ತೊಟ್ಟಿಯಲ್ಲಿ ರೋಗ ಇಲ್ಲ ಎನ್ನುವುದು ಮಾತ್ರ ಖಾತ್ರಿ ಇರಲಿ. ಈ ಅವಧಿಯಲ್ಲಿ ಮೀನು ಒಂದೆರಡೇ, ಆಹಾರ ಚಿಟಿಕೆಯಷ್ಟೇ. ಹನಿ ಹಾಕಿ ನೋಡುವ ಅಮೋನಿಯ, ನೈಟ್ರೈಟ್ ಕಿಟ್ ಒಂದು ಕೊಂಡಿಟ್ಟುಕೊಳ್ಳಿ. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಉಳಿದ ಮೀನು. ಮೊದಲ ವಾರದಲ್ಲಿ ನೀರು ಹಾಲು ಬೆರೆಸಿದಂತೆ ಮಸುಕಾದರೆ ಗಾಬರಿಯಿಂದ ಇಡೀ ತೊಟ್ಟಿ ಖಾಲಿ ಮಾಡಬೇಡಿ, ಅದು ತಾನೇ ತಿಳಿಯಾಗುತ್ತದೆ.

ಆಮೇಲಿನ ಕೆಲಸ

ಮೇಲಿನ ಫೈಬರ್ ವಾರಕ್ಕೊಮ್ಮೆ, ಆಸ್ಕರ್ ಇದ್ದರೆ ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಫೋಮ್, ಸ್ಕ್ರಬ್ಬರ್ ತೊಳೆಯುವುದಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ, ನಳದ ಕೆಳಗೆ ಹಿಡಿಯಬೇಡಿ. ಆರು ವಾರ ಸಾಕಿದ್ದನ್ನು ಕ್ಲೋರಿನ್ ಒಂದೇ ಸಲಕ್ಕೆ ಒಯ್ಯುತ್ತದೆ. ಎರಡು ಕುಂಡ ಒಟ್ಟಿಗೆ ತೊಳೆಯಬೇಡಿ. ಹಂಚು ಆರು ತಿಂಗಳು ಮುಟ್ಟುವುದೇ ಬೇಡ. ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ನೈಟ್ರೇಟ್ ಕೂಡುತ್ತಾ ಹೋಗುತ್ತದೆ. ವಾರಕ್ಕೆ ಕಾಲುಭಾಗ ನೀರು ಬದಲಿಸಲೇಬೇಕು. ತೆಗೆದ ನೀರನ್ನು ಮೋರಿಗೆ ಚೆಲ್ಲಬೇಡಿ, ನಮ್ಮನೆಯ ದಾಸವಾಳ, ಕರಿಬೇವು ಅದರ ಮೇಲೇ ಬದುಕಿವೆ.

ನಡುವಿನ ಕುಂಡದಲ್ಲಿ ಮನಿಪ್ಲಾಂಟಿನ ಒಂದು ಕುಡಿ ನೆಟ್ಟರೆ ಅದೂ ನೈಟ್ರೇಟ್ ಹೀರುತ್ತದೆ. ಬೇರು ಕೆಳಗಿನ ಕುಂಡದವರೆಗೆ ಇಳಿದು ನಿಪ್ಪಲ್ ಹುಡುಕಿಕೊಂಡು ಹೋಗುತ್ತದೆ, ತಿಂಗಳಿಗೊಮ್ಮೆ ಕತ್ತರಿಸಿ.

ಕರೆಂಟ್ ಹೋದಾಗ ಏನು? ಇನ್ವರ್ಟರ್ ಇದ್ದರೆ 40 ವ್ಯಾಟಿನ ಪಂಪು ಹಳೇ ಕಾಲದ ಒಂದು ಬಲ್ಬಿನ ಹೊರೆ. ಇಲ್ಲದಿದ್ದರೆ ಒಂದೆರಡು ತಾಸಿಗೆ ಏನೂ ಮಾಡಬೇಕಿಲ್ಲ, ಮೀನಿಗೆ ಊಟ ಹಾಕದಿದ್ದರೆ ಸಾಕು. ಮಳೆಗಾಲದಲ್ಲಿ ಗಿಡ ಬಿದ್ದು ಇಡೀ ಹಗಲು ಕರೆಂಟ್ ಇಲ್ಲದಂತಾದರೆ ತಾಸಿಗೊಮ್ಮೆ ಒಂದು ಚೊಂಬು ತೊಟ್ಟಿಯ ನೀರನ್ನೇ ಮೊಗೆದು ಮೇಲಿನ ಕುಂಡಕ್ಕೆ ನಿಧಾನವಾಗಿ ಹುಯ್ಯಿರಿ. ಹಂಚು ಒದ್ದೆಯಾಗಿರುತ್ತದೆ, ಹನಿ ಬೀಳುವಾಗ ನೀರಿಗೆ ಒಂದಿಷ್ಟು ಗಾಳಿಯೂ ಬೆರೆಯುತ್ತದೆ. ನಮ್ಮಲ್ಲಿ ಈ ಕೆಲಸ ಮಗಳದ್ದು. ಕರೆಂಟ್ ಹೋದ ಕೂಡಲೇ ಮೊಬೈಲ್ ಬ್ಯಾಟರಿ ಎಷ್ಟಿದೆ ಅಂತ ನೋಡಿ, ಆಮೇಲೆ ಚೊಂಬು ಹುಡುಕುತ್ತಾಳೆ.